ಡಯಲ್ ಮೇಲಿನ ಪೆನ್ಸಿಲ್ ಗೀಟು

ಮನೆ, ರೇಡಿಯೋ ರೂಮು
ಭಾನುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಣ್ಣಾ,

ಅಪ್ಪನ ರೇಡಿಯೋ ನಾನು ಕೆಡಿಸಿಲ್ಲ! ನೀನು ಹಾಗಂತ ಬರೆದಿಲ್ಲ, ಸರಿ. "ಕೇಳಿಸ್ತು ಅಂತ ಅಪ್ಪ ಹಾಕೋ ಕಾರ್ಡು ಯಾಕೆ ಬರ್ತಿಲ್ಲ, ರೇಡಿಯೋ ಹೇಗಿದೆ" ಅಂತ ಬರೆದಿದೀಯ. ಅದರರ್ಥ ನಂಗೊತ್ತಾಗಲ್ವಾ? ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟಿರಬಹುದು, ದಡ್ಡ ಅಲ್ಲ. ಹೋಗ್ಲಿ, ಹುಷಾರಾಗಿದೀಯಾ? ಹಡಗಲ್ಲಿ ಹೊಟ್ಟೆ ತೊಳಸೋದು ನಿಂತಿತಾ? ಅಮ್ಮ ಕೇಳು ಅಂದ್ಲು.

ಹಿಂದಿನ ಬೀದೀಲಿ ಹೊಸ ಸ್ಟೇಷನ್ ಟವರ್ ಎದ್ದ ಮೇಲೆ ಅಪ್ಪನ ಹಳೇ ವಾಲ್ವ್ ಸೆಟ್ಟಲ್ಲಿ ಎಲ್ಲಿ ತಿರುಗಿಸಿದರೂ ಅವರ ಹಾಡೇ. ಭಾನುವಾರ ಹನ್ನೊಂದಕ್ಕೆ ನೀನು ಹಡಗಿಂದ ಮಾತಾಡೋವಾಗಲೂ ನಿನ್ನ ಮೇಲೆ ಸೋಪಿನ ಜಾಹೀರಾತು. ಸರಿ ಮಾಡ್ತೀನಿ ಅಂದೆ. ಮೊದಲು ಒಳಗಿನ ತಿರುಪು ಎಲ್ಲಾ ತಿರುಗಿಸಿ ನೋಡಿದೆ, ಹಾಡು ಜಗ್ಗಲಿಲ್ಲ. ಆಮೇಲೆ ಮಾತ್ರೆ ಡಬ್ಬಿಗೆ ತಾಮ್ರದ ತಂತಿ ಸುತ್ತಿ, ಕಂಡೆನ್ಸರ್ ಜೋಡಿಸಿ, ಏರಿಯಲ್ ಒಳಗೆ ಬರೋ ದಾರೀಲಿ ಕೂರಿಸಿದೆ. ಆ ಒಂದು ಸ್ಟೇಷನ್ನಿಗೆ ಅದು ಅಡ್ಡಗೋಡೆ. ಕಂಡೆನ್ಸರ್ ತಿರುಗಿಸ್ತಾ ತಿರುಗಿಸ್ತಾ ಆ ಸ್ಟೇಷನ್ನು ಬಾಯಿ ಮುಚ್ಕೊಂಡಿತು. ಅಪ್ಪ ನನ್ನ ಬೆನ್ನು ತಟ್ಟಿದ ಅಣ್ಣಾ. ಮೊದಲನೇ ಸಲ.

ಆದರೆ ನಿನ್ನ ದನೀನೂ ಇಲ್ಲ. ಡಯಲ್ ಮೇಲೆ ನಿನ್ನ ಜಾಗಕ್ಕೆ ಅಪ್ಪ ಹಾಕಿದ್ದ ಪೆನ್ಸಿಲ್ ಗೀಟಿಗೆ ಮುಳ್ಳು ನಿಲ್ಲಿಸ್ಕೊಂಡು ನಾಲ್ಕು ಭಾನುವಾರ ಕೂತ. ಬರೀ ಗೊರ್ ಅನ್ನೋ ಸದ್ದು. "ಏನೋ ಕೆಡಿಸಿದೀಯ ಕಣೋ" ಅಂದ. ನಂಗೆ ಉರಿದುಹೋಯ್ತು. "ಸೆಟ್ ಸರಿಯಾಗೇ ಇದೆ. ನಿನ್ನ ದೊಡ್ಡ ಮಗನಿಗೇ ನಿನ್ನ ಹತ್ರ ಮಾತು ಬೇಡವಾಗಿದೆ" ಅಂದುಬಿಟ್ಟೆ. ಅಪ್ಪ ಸ್ವಿಚ್ ಆರಿಸಿ ಎದ್ದುಹೋದ. ಅವತ್ತಿಂದ ಈ ರೂಮಿಗೇ ಬಂದಿಲ್ಲ.

ಹೋದ ಭಾನುವಾರ ಸುಮ್ಮನೆ ಮುಳ್ಳು ಸರಿಸ್ತಿದ್ದೆ. ಗೀಟಿಂದ ಎರಡು ಬೆರಳು ಆಚೆ ನೀನು! "ಅಪ್ಪಾ, ಕೇಳಿಸ್ತಿದೆಯಾ?" ಅಂತಿದ್ದೆ. ನಾನು ಒಳಗಿನ ತಿರುಪು ತಿರುಗಿಸಿದಾಗಲೇ ಡಯಲ್ ಮೇಲೆ ನಿನ್ನ ಜಾಗ ಸರಿದುಹೋಗಿತ್ತು, ಗೀಟು ಮಾತ್ರ ಅಲ್ಲೇ ಇತ್ತು. ಓಡಿಹೋಗಿ ಅಪ್ಪನ್ನ ಕರೆದೆ. "ಸಾಕು ನಿನ್ನ ಆಟ" ಅಂತ ಗೋಡೆ ಕಡೆ ಹೊರಳಿದ. ತಪ್ಪು ನಂದೇ ಅಂತ ಹೇಳೋಕೆ ನಂಗೆ ಬಾಯಿ ಬರಲಿಲ್ಲ. ಈ ವಾರ ಪೂರ್ತಿ ಹೇಳಲಿಲ್ಲ.

ಮೈ ನೋಡ್ಕೋ. ತಣ್ಣೀರಲ್ಲಿ ಸ್ನಾನ ಮಾಡಬೇಡ, ಇದೂ ಅಮ್ಮಂದೇ.

ನಿನ್ನ ತಮ್ಮ

ತಾ.ಕ.: ಅಪ್ಪನಿಗೆ ಬೇರೆ ಕಾಗದ ಬರಿ, ಒಂದು ಭಾನುವಾರನೂ ತಪ್ಪಿಸಿಲ್ಲ ಅಂತ. ನಿನ್ನ ಅಕ್ಷರ ನಂಬ್ತಾನೆ. ಹನ್ನೊಂದಾಗ್ತಾ ಬಂತು. ಮುಳ್ಳು ನಿನ್ನ ಮೇಲೆ ನಿಲ್ಲಿಸಿ, ಸದ್ದು ಪೂರ್ತಿ ಜೋರು ಮಾಡಿದೀನಿ. ನಾನು ಮನೇಲಿದ್ರೆ ಅಪ್ಪ ಈ ಕಡೆ ಹೆಜ್ಜೆ ಇಡಲ್ಲ. ಹೊರಟೆ. ಬೀದಿ ಬಾಗಿಲು ಧಡಾರಂತ ಬಡಿದೇ ಹೋಗ್ತೀನಿ, ಅಪ್ಪನಿಗೆ ಕೇಳಿಸಲಿ.