ತಟ್ಟೆಯೆದುರು ಕೂರಲಾಗದ ಮೇಷ್ಟ್ರಿಗೆ

ಭಾನುವಾರ, ಮಧ್ಯಾಹ್ನ

ನನ್ನ ಮಗನ ತಂದೆಯವರಿಗೆ,

‘ಪ್ರೀತಿಯ’ ಎಂದು ಶುರುಮಾಡಲು ಕೈ ಬರಲಿಲ್ಲ. ನಿಮ್ಮ ಅಕ್ಕನ ಕೈಲಿ ಕಳಿಸಿದ ಟಾನಿಕ್ ಬಾಟಲಿಗಳೂ ಎರಡು ಪುಟದ ಉಪದೇಶವೂ ತಲುಪಿದವು. ಹಸಿವಾದರೆ ತಾನೇ ತಿನ್ನುತ್ತಾನೆ, ನೀನೇ ತಲೆ ಮೇಲೆ ಕೂರಿಸಿಕೊಂಡಿದ್ದೀಯ ಎಂದು ಬರೆದಿದ್ದೀರಿ. ಮುಂದಿನ ತಿಂಗಳ ಈಜು ಪಂದ್ಯಕ್ಕೆ ಅವನನ್ನು ಕರೆದೊಯ್ಯಲು ಬರುತ್ತೀರಂತೆ. ನಿಮ್ಮ ಧೈರ್ಯವನ್ನು ಮೆಚ್ಚಬೇಕು. ಈಜುಕೊಳದ ದಂಡೆಯಲ್ಲಿ ಅವನು ಕುಸಿದು ಬಿದ್ದ ದಿನ ಆಸ್ಪತ್ರೆಯ ಬಾಗಿಲವರೆಗೆ ಬಂದು, "ನನ್ ಕೈಲಿ ಇದನ್ನೆಲ್ಲ ನೋಡೋಕಾಗಲ್ಲ" ಎಂದು ಹೇಳಿ, ಬಟ್ಟೆಬರೆ ಕಟ್ಟಿಕೊಂಡು ಅಕ್ಕನ ಮನೆ ಸೇರಿದ ಶೂರರು ನೀವು.

ಊರ ಮಕ್ಕಳಿಗೆಲ್ಲ ಈಜು ಕಲಿಸುವ ಮೇಷ್ಟ್ರೇ, ಸ್ವಂತ ಮಗನನ್ನು ಎಲ್ಲರೆದುರು ‘ಡುಮ್ಮಣ್ಣ’ ಎಂದು ಕರೆದವರು ಯಾರು? ಅವನು ಸೊರಗಿದಷ್ಟೂ ಬೆನ್ನು ತಟ್ಟಿದವರು ಯಾರು? ಇದು ಮನಸ್ಸಿನ ಕಾಯಿಲೆ, ಯಾರೋ ಒಬ್ಬರು ಕಾರಣರಲ್ಲ ಎನ್ನುತ್ತಾರೆ ಡಾಕ್ಟರಮ್ಮ. ಅವರು ಸಭ್ಯರು. ಟೈಲರ್ ಆದ ನಾನೂ ಮೂರು ಸಲ ಅವನ ಅಂಗಿಗಳ ಪಕ್ಕ ಹಿಡಿದು ಬಿಗಿಮಾಡಿ ಹೊಲಿದುಕೊಟ್ಟೆ, ಚೆನ್ನಾಗಿ ಕಾಣ್ತೀಯ ಎಂದೂ ಹೇಳಿದೆ. ಆ ತಪ್ಪು ನನ್ನದು.

ನಮ್ಮ ದಿನ ಹೇಗೆ ಕಳೆಯುತ್ತದೆಂದು ನೀವು ಕೇಳಿಲ್ಲ, ಆದರೂ ಬರೆಯುತ್ತೇನೆ. ಮೂರು ಹೊತ್ತೂ ಹೊಲಿಗೆ ಬಿಟ್ಟು ಅವನ ಎದುರು ಊಟಕ್ಕೆ ಕೂರುತ್ತೇನೆ. ಡಾಕ್ಟರಮ್ಮ ಹೇಳಿದಂತೆ ಬೇಡಿಕೊಳ್ಳುವಂತಿಲ್ಲ, ಗದರುವಂತಿಲ್ಲ, ತಿಂದರೆ ಹೊಗಳುವಂತೆಯೂ ಇಲ್ಲ. ತಿಂದದ್ದನ್ನು ಕಕ್ಕಿಬಿಡದಂತೆ ಊಟವಾದ ಮೇಲೆ ಸ್ವಲ್ಪ ಹೊತ್ತು ಅವನನ್ನು ಒಂಟಿಯಾಗಿ ಬಿಡಬಾರದು. ಆಗ ಇಸ್ಪೀಟು ಆಡುತ್ತೇವೆ. ಮೋಸ ಮಾಡುತ್ತಾನೆ, ಹಿಡಿದರೆ ನಗುತ್ತಾನೆ. ಆ ನಗು ಹೇಗಿತ್ತೆಂದು ನಿಮಗೆ ನೆನಪಿರಲಾರದು.

ಬುಧವಾರ ತಟ್ಟೆಯನ್ನು ಗೋಡೆಗೆ ಎಸೆದ. ಬಳಿದು ಹಾಕಿ ಮತ್ತೆ ಬಡಿಸಿದೆ. ಮುಕ್ಕಾಲು ಗಂಟೆ ತಲೆ ತಗ್ಗಿಸಿ ಕೂತಿದ್ದವನು, "ಅಮ್ಮಾ, ನಂಗೂ ಹಸಿವಾಗುತ್ತೆ. ಆದ್ರೆ ತಿಂದ್ರೆ ಕಳ್ಳತನ ಮಾಡ್ದಂಗೆ ಅನ್ಸುತ್ತೆ" ಎಂದ. ಹದಿನಾರು ವರ್ಷದ ಹುಡುಗ. ನಿಮ್ಮ ಟಾನಿಕ್ಕಿನಲ್ಲಿ ಇದಕ್ಕೆ ಮದ್ದೆಲ್ಲಿದೆ, ಚೀಟಿ ಓದಿ ತಿಳಿಸಿ.

ಆಮೇಲೆ ಮೊದಲ ತುತ್ತನ್ನು ತಾನೇ ಎತ್ತಿಕೊಂಡ. ನಿನ್ನೆ ತಟ್ಟೆ ಖಾಲಿಯಾಯಿತು, ಇವತ್ತು ಮತ್ತೆ ಅರ್ಧಕ್ಕೆ ನಿಂತಿತು. ನಾಡಿ ಸುಧಾರಿಸುತ್ತಿದೆಯಂತೆ. ಈ ವರ್ಷ ಅವನು ನೀರಿಗಿಳಿಯುವಂತಿಲ್ಲ. ಪಂದ್ಯದ ಮಾತೆತ್ತಿದರೆ ನಿಮ್ಮನ್ನು ಹೊಸ್ತಿಲಾಚೆಯೇ ನಿಲ್ಲಿಸುತ್ತೇನೆ. ಅಪ್ಪನಾಗಿ ಬರುವುದಾದರೆ ಗುರುವಾರ ಮಧ್ಯಾಹ್ನ ಬನ್ನಿ. ಬಾಯಿ ಮುಚ್ಚಿಕೊಂಡು ಅವನ ಜೊತೆ ಉಣ್ಣಿ. ಅಷ್ಟೂ ಆಗದಿದ್ದರೆ ಅಕ್ಕನ ಕೈಯಡುಗೆಯೇ ನಿಮಗೆ ಲೇಸು.

ಇಂತಿ,
ಅವನ ಅಮ್ಮ

ತಾ.ಕ.: ಲಕೋಟೆ ಅಂಟಿಸಲು ಹೋಗಿ ನಿಲ್ಲಿಸಿದೆ. ಆಸ್ಪತ್ರೆಯಿಂದ ಬಂದ ಮೊದಲ ವಾರ, ಒಂದು ದಿನ ಅವನ ದವಡೆ ಒತ್ತಿ ಹಿಡಿದು ಚಮಚ ತುರುಕಿದ್ದೆ. ತುಟಿ ಒಡೆಯಿತು. ಡಾಕ್ಟರಮ್ಮ ಕೇಳಿದಾಗ ಮೆಟ್ಟಿಲ ಮೇಲೆ ಬಿದ್ದೆ ಎಂದು ಅವನೇ ಹೇಳಿದ; ನಾನು ಪಕ್ಕದಲ್ಲಿ ಕೂತು ತಲೆಯಾಡಿಸಿದೆ. ನಾಳೆ ಹೋಗಿ ನಿಜ ಹೇಳುತ್ತೇನೆ. ತುಟಿ ಒಡೆದ ಆ ದಿನ ನಾನೂ ನಿಮ್ಮಂತೆ ಅವನನ್ನು ಬಿಟ್ಟು, ಚಪ್ಪಲಿ ಮೆಟ್ಟಿ ಬೀದಿಯ ತಿರುವಿನವರೆಗೆ ಹೋಗಿಬಿಟ್ಟಿದ್ದೆ. ವಾಪಸು ಬಂದಾಗ ಅವನು ಚೆಲ್ಲಿದ್ದ ಗಂಜಿ ಬಳಿದು ನೆಲ ಒರೆಸುತ್ತಿದ್ದ.