ಹರಿದ ಶಿವದಾರ

ಸವಳಂಗ ರಸ್ತೆ, ಶಿವಮೊಗ್ಗ

ಅಪ್ಪಾಜಿಗೆ,

ಹೆಣ್ಣಾಗಲು ನಾನು ತಂದಿಟ್ಟಿದ್ದ ಹಾರ್ಮೋನ್ ಮಾತ್ರೆ ನಿಮ್ಮ ಕೈಗೆ ಸಿಕ್ಕ ದಿನ ನೀವು ಒಡೆದ ನನ್ನ ತುಟಿಗೆ ಮೂರು ಹೊಲಿಗೆ ಬಿದ್ದಿವೆ. ಡಾಕ್ಟರಿಗೆ ಬೈಕಿನಿಂದ ಬಿದ್ದೆ ಅಂದೆ. ಇನ್ನೊಮ್ಮೆ ಕೈ ಎತ್ತಿದರೆ ನಿಮ್ಮ ಹೆಸರನ್ನೇ ಹೇಳುತ್ತೇನೆ. ಮಾತ್ರೆ ಮತ್ತೆ ಬರೆಸಿಕೊಂಡು ಬಂದೆ. ಇವತ್ತು ಬೆಳಿಗ್ಗೆ ಮೊದಲನೆಯದನ್ನು ನುಂಗಿದೆ.

"ಗಂಡಸಾಗಿ ಬದುಕೋಕಾಗ್ದಿದ್ರೆ ನಿಂಗೆ ಲಿಂಗ ಯಾಕೋ?" ಎನ್ನುತ್ತ ಅವತ್ತೇ, ನಾನು ಲಿಂಗ ಕಟ್ಟಿಕೊಂಡಿದ್ದ ಶಿವದಾರದಿಂದಲೇ ನನ್ನ ಕತ್ತು ಬಿಗಿದಿರಿ. ದಾರ ಹರಿದಿದ್ದಕ್ಕೆ ಬದುಕಿದೆ. ಲಿಂಗದ ಕರಡಿಗೆ ಅಲ್ಲೇ ಮನೆಯಲ್ಲಿ ಬಿದ್ದುಹೋಯಿತು. ಶನಿವಾರ ಅಮ್ಮ ಭದ್ರಾವತಿಯಿಂದ ಇಲ್ಲಿಗೆ ಬರುವಾಗ ಅವಳ ಕೈಲಿ ಕಳಿಸಿ. ಅಮ್ಮನ ಕೊರಳಲ್ಲೂ ಲಿಂಗವಿದೆ, ಅವಳೇನು ಗಂಡಸೇ?

ಕೋಟೆ ಹತ್ತಿರದ ಅಂಗಡಿಯಲ್ಲಿ ಹೊಸ ದಾರ ಕೊಂಡೆ. ಎಳೆದರೆ ಹರಿಯುವಂಥದ್ದನ್ನೇ ಆರಿಸಿದ್ದೇನೆ.

ನಿಮ್ಮ ಮಗಳು,
ಅಕ್ಷರಾ