ಉಳಿದ ಮೂಳೆಗಳು ಸರಿಯಾಗಿವೆ

ಮಾರ್ಚ್ ೩, ಬೆಳಿಗ್ಗೆ ೧೧
ಮೂವತ್ತೆಂಟು ಎಕ್ಸ್‌ರೇ ನೋಡಿ ರಿಪೋರ್ಟು ಬರೆದಾಯಿತು. ಇನ್ನೂ ಅಷ್ಟೇ ಬಾಕಿ. ಕೈ, ಕೈ, ಬರೀ ಕೈ. ಬಾಗಿಲಿಗೆ ಸಿಕ್ಕಿದ ಬೆರಳು, ಜಾರಿ ಬಿದ್ದವರ ಮಣಿಕಟ್ಟು. ಹಿಂದಿನ ಶಿಫ್ಟಿನವರು ಬಿಟ್ಟುಹೋದ ಕಾಫಿ ಕಪ್ಪಿನಲ್ಲಿ ಬೂಷ್ಟು. ಥೂ.

ಮಧ್ಯಾಹ್ನ ೧
ಬೀಗ ರಿಪೇರಿ ಮಾಡುವವರು. ಮೂವತ್ತೈದು ವರ್ಷ. ಬಲ ಮಣಿಕಟ್ಟಿನಲ್ಲಿ ಊತ. ಮುಂಗೈ ಮೂಳೆಯ ತುದಿಯಲ್ಲಿ ದೊಡ್ಡ ಕಪ್ಪು ಗುಳ್ಳೆ, ಕೀಲಿನವರೆಗೂ. ಹೊರಪದರ ಒಂದು ಕಡೆ ಒಡೆದೇ ಹೋಗಿದೆ. ಜೈಂಟ್ ಸೆಲ್ ಟ್ಯೂಮರ್ ಇರಬೇಕು. ಜೀವಕ್ಕೆ ಅಪಾಯವಿಲ್ಲ, ಆದರೆ ಮೂಳೆ ತಿಂದುಹಾಕುವ ಗಡ್ಡೆ.

ಅದೇ ಕೈಯ ಹಳೇ ಫಿಲ್ಮ್ ಇತ್ತು, ಅಕ್ಟೋಬರಿನದು. ಆಗ ಸುತ್ತಿಗೆ ಏಟು ಬಿದ್ದಿತ್ತು. ರಿಪೋರ್ಟು: ಕಿರುಬೆರಳು ಮುರಿದಿದೆ, ಉಳಿದ ಮೂಳೆಗಳು ಸರಿಯಾಗಿವೆ. ಫಿಲ್ಮಿನ ಕೆಳಗಿನ ಅಂಚಿನಲ್ಲಿ ಗುಳ್ಳೆ ಆಗಲೇ ಇದೆ, ಕಡಲೆಕಾಳಿನಷ್ಟು. ಯಾವ ಕತ್ತೆ ನೋಡಿದ್ದು ಅಂತ ಸಹಿ ನೋಡಿದೆ. ನನ್ನದೇ.

ರಿಪೋರ್ಟಿನ ಆ 'ಸರಿಯಾಗಿವೆ' ಸಾಲನ್ನು ಯಾರೂ ಟೈಪ್ ಮಾಡುವುದಿಲ್ಲ. ಒಂದು ಕೀ ಒತ್ತಿದರೆ ಇಡೀ ವಾಕ್ಯ ಬಂದು ಕೂರುತ್ತದೆ. ಒಂದು ಮುರಿತ ಸಿಕ್ಕಿದರೆ ಕಣ್ಣು ಹುಡುಕುವುದನ್ನೇ ಬಿಡುತ್ತದೆ, ಹುಷಾರು — ಸ್ಟೂಡೆಂಟ್ಸಿಗೆ ವರ್ಷವರ್ಷವೂ ಕೊರೆಯುತ್ತೇನೆ. ನನಗೆ ನಾನೇ ಅಸಹ್ಯ.

ಮಾರ್ಚ್ ೪
ಹಳೇ ಫಿಲ್ಮನ್ನು ನಮ್ಮ ವಿಭಾಗದ ದೊಡ್ಡ ಡಾಕ್ಟರಿಗೆ ತೋರಿಸಿದೆ. ಕಿತ್ತಳೆ ಸುಲಿಯುತ್ತಿದ್ದರು. "ಅಯ್ಯೋ, ಇದಕ್ಯಾಕಮ್ಮ ತಲೆ ಕೆಡಿಸ್ಕೋತೀಯ? ಹಳೇ ರಿಪೋರ್ಟಿಗೆ ಒಂದು ಸಾಲು ಸೇರಿಸಿಬಿಡು. ಮಣಿಕಟ್ಟು ಫಿಲ್ಮಲ್ಲಿ ಪೂರ್ತಿ ಬಂದಿಲ್ಲ ಅಂತ."
"ಬಂದಿದೆ, ಸರ್."
"ಬಂದಿಲ್ಲ ಅಂದ್ರೆ ಬಂದಿಲ್ಲ." ನಕ್ಕರು. ರಸದ ಕೈಯಲ್ಲೇ ನನ್ನ ಭುಜ ತಟ್ಟಿದರು.

ಸಾಲು ಸೇರಿಸಲಿಲ್ಲ. ಆದರೆ ಫೈಲ್ ತೆರೆದು ಹತ್ತು ನಿಮಿಷ ಕೂತಿದ್ದೆ. ಅದನ್ನೂ ಬರೆದಿಡಬೇಕು. ಏಪ್ರನ್ ಒಗೆಯಲು ಹಾಕಿದೆ.

ಮಾರ್ಚ್ ೫
ಪಾತ್ರೆ ತೊಳೆಯುತ್ತಾ ಇವರಿಗೆ ಹೇಳಿದೆ.
"ಹೇಳಿದ್ರೆ ಆ ಮನುಷ್ಯನ ಕೈ ಸರಿಹೋಗತ್ತಾ?"
"ಇಲ್ಲ."
"ಮತ್ತೆ? ಬಾಯಿ ಮುಚ್ಕೊಂಡಿರು."
ಇಷ್ಟು ವರ್ಷ ಸಂಸಾರ ಮಾಡಿದ ಗಂಡನೂ ಆ ಕಿತ್ತಳೆಯವರ ಹಾಗೇ ಮಾತಾಡಿದರು. ಥೂ. ಇನ್ನೂ ಹೇಸಿಗೆ ಏನೆಂದರೆ, ಕೇಳಿ ಒಳಗೊಳಗೇ ಹಾಯೆನಿಸಿತು.

ಮಾರ್ಚ್ ೧೧
ಬಯಾಪ್ಸಿ ಬಂತು. ಅದೇ ಗಡ್ಡೆ. ಸರ್ಜನ್ ಹೇಳಿದರು — ಅಕ್ಟೋಬರಿನಲ್ಲೇ ಸಿಕ್ಕಿದ್ದರೆ ಕೆರೆದು ತೆಗೆದು ಮೂಳೆಗೆ ಹಾಕುವ ಸಿಮೆಂಟ್ ತುಂಬಿದರೆ ಸಾಕಿತ್ತು. ಈಗ ಆ ತುದಿಯನ್ನೇ ಕತ್ತರಿಸಿ, ಕಾಲಿನ ಮೂಳೆ ತಂದು ಕೂಡಿಸಬೇಕು. ಮಣಿಕಟ್ಟು ಇನ್ನು ಬಗ್ಗುವುದಿಲ್ಲ.

ಬೀಗ ರಿಪೇರಿಯವರೇ ನನ್ನನ್ನು ಹುಡುಕಿಕೊಂಡು ಕೆಳಗೆ ಬಂದರು. "ಮೇಡಂ, ನೀವೇ ಕಂಡುಹಿಡಿದ್ರಂತೆ. ನಿಮ್ಮ ಉಪಕಾರ ಮರೆಯಲ್ಲ." ನನ್ನ ಮೇಜಿನ ಡ್ರಾಯರ್ ತಿಂಗಳಿಂದ ಸಿಕ್ಕಿಕೊಂಡಿತ್ತು. ಕಂಡವರೇ ಎಡಗೈಯಲ್ಲಿ ಒಂದು ತಂತಿ ಹಾಕಿ ಟಕ್ಕನೆ ತೆಗೆದುಕೊಟ್ಟರು. "ಬಲಗೈ ಆಗಿದ್ರೆ ಇಷ್ಟೂ ಹೊತ್ತು ಬೇಡ," ಅಂತ ಸಂಕೋಚ ಬೇರೆ.

ನಾನು ಥ್ಯಾಂಕ್ಸ್ ಅಂದೆ. ಅಷ್ಟೇ ಅಂದೆ. ಥೂ, ನನ್ನ ಜನ್ಮಕ್ಕಿಷ್ಟು.

ಮಾರ್ಚ್ ೧೯, ಸಂಜೆ ೫
ನಾಳೆ ಬೀಗ ರಿಪೇರಿಯವರ ಆಪರೇಷನ್. ವಾರ್ಡಿಗೆ ಹೋದೆ. ಮೂರು ಸಲ ಲಿಫ್ಟ್ ಹತ್ತಿರದಿಂದ ವಾಪಸ್ ಬಂದು, ನಾಲ್ಕನೇ ಸಲ ಹೋದೆ. ಹೆಂಡತಿ ಅವರ ಬಲಗೈ ತೊಡೆಯ ಮೇಲಿಟ್ಟುಕೊಂಡು ಉಗುರು ಕತ್ತರಿಸುತ್ತಿದ್ದರು.

ಹೇಳಿದೆ. ಅಕ್ಟೋಬರಿನ ಎಕ್ಸ್‌ರೇ ನೋಡಿದ್ದೂ ನಾನೇ. ಗಡ್ಡೆ ಆಗಲೇ ಇತ್ತು. ನಾನು ನೋಡಲಿಲ್ಲ.

ಉಗುರು ಕತ್ತರಿಸುವ ಸದ್ದು ನಿಂತಿತು. ಹೆಂಡತಿ ನನ್ನ ಮುಖ ನೋಡಲಿಲ್ಲ. ಬೀಗ ರಿಪೇರಿಯವರು ಮಣಿಕಟ್ಟನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿದರು, ಊತ ಬಿಟ್ಟಷ್ಟು.

"ಆಗ್ಲೇ ಸಿಕ್ಕಿದ್ರೆ, ಇದು ಹೀಗೇ ಬಗ್ತಿತ್ತಾ, ಮೇಡಂ?"

ಬಗ್ಗುತ್ತಿತ್ತು. ಹೌದು ಅನ್ನಬೇಕಿತ್ತು, ಅಷ್ಟೇ. ಅದಕ್ಕೇ ಅಲ್ಲಿಯವರೆಗೆ ಹೋಗಿದ್ದೆ. ಬಾಯಿಂದ ಬಂದದ್ದು —

"ಅದನ್ನ ಖಚಿತವಾಗಿ ಹೇಳಕ್ಕಾಗಲ್ಲ…"